ಮೊದಲ ಕ್ರೈಸ್ತರ ಪಾಲಿಗೆ "ಇದು ನನ್ನ ದೇಹ" ಅಂದರೆ ಏನು?

ಕಾಫಿಸೀಮೆ

ಎಲ್ಲರಿಗೂ ನಮಸ್ಕಾರ. ಜಗಳ ಹಚ್ಚಲು ಕೇಳುತ್ತಿಲ್ಲ, ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ನಾವು ಕ್ಯಾಥೊಲಿಕರು, ಸಕಲೇಶಪುರದ ಕಡೆಯವರು. ನನ್ನ ನಾದಿನಿ ಮದುವೆಯಾದ ಮೇಲೆ ಪ್ರಾಟೆಸ್ಟೆಂಟ್ ಸಭೆಗೆ ಹೋಗುತ್ತಾರೆ. ಹೋದ ವಾರ ಅವರ ಹೊಸ ಮನೆಯ ಊಟ. ನಾದಿನಿಯ ಮಗ, ಪಿಯುಸಿ ಓದುವ ಹುಡುಗ, ಎಲೆ ಮುಂದೆ ಕೂತೇ ಕೇಳಿದ: "ಅತ್ತೆ, ಬಲಿಪೂಜೆಯಲ್ಲಿ ಕೊಡುವ ಆ ಬಿಳಿ ರೊಟ್ಟಿ ನಿಜವಾಗಲೂ ಯೇಸುವಿನ ದೇಹ ಅಂತಲೇ ತಿನ್ನುತ್ತೀರಾ? ನಮ್ಮಲ್ಲಿ ಅದು ನೆನಪಿಗೆ ಅಷ್ಟೇ." ಹೌದು, ದೇಹವೇ ಅಂದೆ. ನಾದಿನಿ ಬಿಡಬೇಕಲ್ಲ. "ಮೊದಲಿನ ಕ್ರೈಸ್ತರು ನಮ್ಮ ಹಾಗೇ ಇದ್ದರು, ಆಮೇಲೆ ರೋಮಿನವರು ಬದಲಾಯಿಸಿದರು" ಅಂದರು. ಇಲ್ಲ, ಮೊದಲಿನವರು ನಮ್ಮ ಹಾಗೇ ಅಂತ ನಾನು. ಇಬ್ಬರ ಹತ್ತಿರವೂ ಪುರಾವೆ ಇಲ್ಲ. ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು.

ಮೊದಲ ಮುನ್ನೂರು ನಾನೂರು ವರ್ಷಗಳ ಜನ ಏನು ಬರೆದಿಟ್ಟಿದ್ದಾರೆ ಅಂತ ಬಲ್ಲವರು ಹೇಳುತ್ತೀರಾ? ಇವತ್ತಿನ ಚರ್ಚು ಏನು ಹೇಳುತ್ತದೆ ಅನ್ನುವುದು ನನಗೆ ಗೊತ್ತು, ಅದು ಬೇಡ.

ಜೊತೆಗೆ ಒಂದು ಸಣ್ಣ ಪ್ರಶ್ನೆ. ಕೋವಿಡ್ ಬಂದಾಗ ನಮ್ಮ ಚರ್ಚಿನಲ್ಲಿ ಪರಮಪ್ರಸಾದವನ್ನು (ಅದೇ ಬಿಳಿ ರೊಟ್ಟಿ) ನಾಲಿಗೆ ಮೇಲೆ ಇಡುವುದನ್ನು ಬಿಟ್ಟು ಕೈಗೆ ಕೊಡಲು ಶುರು ಮಾಡಿದರು. ಅಜ್ಜಿಗೆ ಇವತ್ತಿಗೂ ಅದು ಸರಿಬಂದಿಲ್ಲ. "ಇದೇನು ಅಂಗಡಿ ಚಿಲ್ಲರೆಯಾ ಕೈಗೆ ಹಾಕಲು" ಅನ್ನುತ್ತಾರೆ. ಹಿಂದೆ ಹೇಗಿತ್ತು?

ಹಳೇಪುಟ

ಒಳ್ಳೆಯ ಪ್ರಶ್ನೆ ಮೇಡಂ. ನಾನು ಪಾದ್ರಿ ಅಲ್ಲ, ಈ ಕಾಲದ ಬರಹಗಳನ್ನು ಹದಿನೈದು ವರ್ಷದಿಂದ ಓದುತ್ತಿರುವವನು ಅಷ್ಟೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ನಿಜವಾದ ದೇಹವೋ, ಬರೀ ನೆನಪೋ" ಅನ್ನುವ ಪ್ರಶ್ನೆಯನ್ನು ಹಿಡಿದುಕೊಂಡು ಆ ಕಾಲಕ್ಕೆ ಹೋದರೆ ನಿಮಗೂ ನಿರಾಸೆ, ನಿಮ್ಮ ನಾದಿನಿಗೂ ನಿರಾಸೆ. ಅವರ ಜಗಳ ಬೇರೆ ಇತ್ತು.

ಎಲ್ಲಕ್ಕಿಂತ ಹಳೆಯ ದಾಖಲೆಯಿಂದ ಶುರು ಮಾಡೋಣ. ಅದು ಸುವಾರ್ತೆ ಅಲ್ಲ. ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರ, ಕ್ರಿ.ಶ. 54ರ ಆಸುಪಾಸಿನದು. ಮಾರ್ಕನ ಸುವಾರ್ತೆ ಬಂದದ್ದು 70ರ ಸುಮಾರಿಗೆ. ಅಂದರೆ ಸಾಯುವ ಹಿಂದಿನ ರಾತ್ರಿ, ಶಿಷ್ಯರ ಜೊತೆಗಿನ ಕೊನೆಯ ಭೋಜನದಲ್ಲಿ ಯೇಸು ರೊಟ್ಟಿ ಮುರಿದು ಹೇಳಿದ "ಇದು ನಿಮಗೋಸ್ಕರವಾದ ನನ್ನ ದೇಹ" ಅನ್ನುವ ಮಾತು ಕಾಗದದ ಮೇಲೆ ಮೊದಲು ಸಿಗುವುದು ಈ ಪತ್ರದ 11ನೇ ಅಧ್ಯಾಯದಲ್ಲಿ. ಅದನ್ನು ಪೌಲ ಯಾಕೆ ಬರೆದ? ಧರ್ಮೋಪದೇಶ ಮಾಡಲು ಅಲ್ಲ. ಬೈಯಲು.

ಕೊರಿಂಥ ಬಂದರು ಊರು. ಆಗ ಚರ್ಚು ಕಟ್ಟಡ ಇರಲಿಲ್ಲ. ಅನುಕೂಲಸ್ಥರೊಬ್ಬರ ಮನೆಯಲ್ಲಿ ಸೇರುತ್ತಿದ್ದರು, ಹೊಟ್ಟೆ ತುಂಬ ಊಟ ಮಾಡುತ್ತಿದ್ದರು. ಕರ್ತನ (ಯೇಸುವಿನ) ಭೋಜನ ಅಂದರೆ ಆಗ ಒಂದು ತುಣುಕಲ್ಲ, ಪೂರ್ತಿ ಊಟ. ರೋಮನ್ ಶೈಲಿಯ ಶ್ರೀಮಂತರ ಮನೆಯ ಊಟದ ಕೋಣೆಯಲ್ಲಿ ಸಾಮಾನ್ಯವಾಗಿ ಮೂರು ಮಂಚ, ಒರಗಿಕೊಂಡು ತಿನ್ನಲು ಒಂಬತ್ತು ಜನಕ್ಕೆ ಜಾಗ. ಉಳಿದವರು ಹೊರಗೆ ಅಂಗಳದಲ್ಲಿ. ದಾಸರು, ಕೂಲಿಯವರು ಕೆಲಸ ಮುಗಿಸಿ ತಡವಾಗಿ ಬರುತ್ತಿದ್ದಿರಬೇಕು ಅಂತ ಇತಿಹಾಸಕಾರರ ಊಹೆ. ಅಷ್ಟರಲ್ಲಿ ಒಳಗಿನವರದ್ದು ಮುಗಿದಿರುತ್ತಿತ್ತು. ಪೌಲನ ಮಾತು ಖಡಕ್ಕಾಗಿದೆ: ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ. ತಿನ್ನಲು ಕುಡಿಯಲು ನಿಮಗೆ ಮನೆ ಇಲ್ಲವೇ? ಇಲ್ಲದವರ ಮಾನ ಕಳೆಯುತ್ತೀರಾ?

ಅದಾದ ಮೇಲೆ ಬರುತ್ತದೆ ಆ ಪ್ರಸಿದ್ಧ ಸಾಲು, "ದೇಹವನ್ನು ವಿವೇಚಿಸದೆ" ತಿನ್ನುವವನು ತನ್ನ ಮೇಲೆ ತೀರ್ಪು ತಂದುಕೊಳ್ಳುತ್ತಾನೆ ಅಂತ. ಯಾವ ದೇಹ? ಹಳೆಯ ಹಸ್ತಪ್ರತಿಗಳಲ್ಲಿ "ದೇಹ" ಅಂತ ಮಾತ್ರ ಇದೆ. "ಕರ್ತನ" ಅನ್ನುವ ಪದ ಆಮೇಲಿನ ಪ್ರತಿಗಳಲ್ಲಿ ಸೇರಿದ್ದು. ಒಂದು ಅಧ್ಯಾಯ ಹಿಂದೆ ಹೋದರೆ, "ರೊಟ್ಟಿ ಒಂದೇ, ಆದ್ದರಿಂದ ನಾವು ಅನೇಕರಾಗಿದ್ದರೂ ಒಂದೇ ದೇಹ, ಎಲ್ಲರೂ ಆ ಒಂದೇ ರೊಟ್ಟಿಯಲ್ಲಿ ಪಾಲುಗಾರರು" ಅಂತ ಬರೆದಿದ್ದಾನೆ. ಒಂದು ಅಧ್ಯಾಯ ಮುಂದೆ ಹೋದರೆ "ನೀವೇ ಕ್ರಿಸ್ತನ ದೇಹ" ಅನ್ನುತ್ತಾನೆ. ಮೂರು ಅಧ್ಯಾಯಗಳಲ್ಲಿ ಒಂದೇ ಪದ ರೊಟ್ಟಿಗೂ, ಶಿಲುಬೆಗೆ ಹೋದವನಿಗೂ, ಅಂಗಳದಲ್ಲಿ ಹಸಿದು ಕೂತವರಿಗೂ ಓಡಾಡುತ್ತದೆ. ಇವನ್ನು ಬೇರೆ ಬೇರೆ ಮಾಡಿ ಇಡುವ ಉದ್ದೇಶ ಪೌಲನಿಗೆ ಇದ್ದ ಹಾಗೆ ಕಾಣುವುದಿಲ್ಲ.

ಕೊನೆಗೆ ಅವನು ಕೊಡುವ ಪರಿಹಾರ ನೋಡಿ. "ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ." ಅಷ್ಟೇ.

ಮಲೆನಾಡ ಮಳೆ

ನಾನು ಕ್ರೈಸ್ತನಲ್ಲ, ಸುಮ್ನೆ ಓದುತ್ತಿದ್ದೆ. ಇದು ಪಂಕ್ತಿಭೇದ ಅಲ್ವಾ ಸರ್? ಒಳಗೆ ಒಂದು ಪಂಕ್ತಿ, ಜಗಲಿಯಲ್ಲಿ ಒಂದು ಪಂಕ್ತಿ, ಮಿಕ್ಕಿದ್ದು ಅಂಗಳಕ್ಕೆ. ನನ್ನ ತಾತನ ಕಾಲದ ಮದುವೆ ಊಟ ಕಣ್ಣಿಗೆ ಬಂತು. ಎರಡು ಸಾವಿರ ವರ್ಷದ ಹಿಂದೆ ಗ್ರೀಸ್ ದೇಶದಲ್ಲೂ ಇದೇ ಪಾಡು ಅಂತ ಗೊತ್ತಿರಲಿಲ್ಲ.

ಹಳೇಪುಟ

ಅದೇ ಪದ ಬೇಕಿತ್ತು ನನಗೆ. ಇಂಗ್ಲಿಷ್‌ ವ್ಯಾಖ್ಯಾನಕಾರರು ಇದನ್ನು ವಿವರಿಸಲು ಎರಡು ಪುಟ ತೆಗೆದುಕೊಳ್ಳುತ್ತಾರೆ. ನಮಗೆ ಒಂದು ಪದ ಸಾಕು.

ಗದಗಿನ ಗಾಳಿ

ಹಳೇಪುಟ ಸರ್, ಚೆನ್ನಾಗಿ ಬರೆದಿರಿ. ನಾನು ಬಾಸೆಲ್ ಮಿಷನ್ ಹಿನ್ನೆಲೆಯವನು, ಅಂದರೆ ಪ್ರಾಟೆಸ್ಟೆಂಟ್. ಹಾಗಾದರೆ ಕಾಫಿಸೀಮೆ ಅವರ ನಾದಿನಿ ಹೇಳಿದ್ದೇ ಸರಿ ಆಯಿತಲ್ರೀ? ಪೌಲನಿಗೆ ಮುಖ್ಯ ಆದದ್ದು ಸಭೆ. ರೊಟ್ಟಿ ಮಾಂಸ ಆಗುತ್ತದೆ ಅಂತ ಎಲ್ಲೂ ಹೇಳಿಲ್ಲ. "ನನ್ನ ನೆನಪಿಗಾಗಿ ಇದನ್ನು ಮಾಡಿರಿ" ಅಂತ ಸ್ಪಷ್ಟ ಇದೆ. ದಿದಖೆ ಅನ್ನುವ ಪುಸ್ತಕದಲ್ಲಂತೂ ದೇಹ, ರಕ್ತದ ಮಾತೇ ಇಲ್ಲ ಅಂತ ಕೇಳಿದ್ದೇನೆ.

ಹಳೇಪುಟ

ಸ್ವಲ್ಪ ತಾಳಿ ಸರ್, ಇನ್ನೂ ಮೊದಲ ಶತಮಾನ ದಾಟಿಲ್ಲ.

ದಿದಖೆ ಬಗ್ಗೆ ನೀವು ಹೇಳಿದ್ದು ನಿಜ. ಇದು ಮೊದಲ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ ಸಣ್ಣ ಕೈಪಿಡಿ. ಶತಮಾನಗಳ ಕಾಲ ಕಳೆದುಹೋಗಿತ್ತು. 1873ರಲ್ಲಿ ಫಿಲೊಥಿಯೊಸ್ ಬ್ರಯೆನ್ನಿಯೊಸ್ ಅನ್ನುವ ಗ್ರೀಕ್ ವಿದ್ವಾಂಸರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ 1056ರ ಒಂದು ಹಸ್ತಪ್ರತಿಯೊಳಗೆ ಸಿಕ್ಕಿತು. 1883ರಲ್ಲಿ ಅಚ್ಚಾದಾಗ ಎಲ್ಲರಿಗೂ ಆಶ್ಚರ್ಯ. ಅದರಲ್ಲಿ ಮೊದಲು ದ್ರಾಕ್ಷಾರಸದ ಬಟ್ಟಲಿಗೆ ಪ್ರಾರ್ಥನೆ, ಆಮೇಲೆ ರೊಟ್ಟಿಗೆ. "ಹೊಟ್ಟೆ ತುಂಬಿದ ಮೇಲೆ" ಹೀಗೆ ಸ್ತುತಿಸಿ ಅಂತ ಇನ್ನೊಂದು ಪ್ರಾರ್ಥನೆ. ಕೊನೆಯ ಭೋಜನದ ಕಥೆ ಇಲ್ಲ, "ಇದು ನನ್ನ ದೇಹ" ಇಲ್ಲ. ಇರುವುದು ಇದು:

"ಈ ಮುರಿದ ರೊಟ್ಟಿ ಬೆಟ್ಟಗಳ ಮೇಲೆ ಚದುರಿತ್ತು, ಕೂಡಿಬಂದು ಒಂದಾಯಿತು. ಹಾಗೆಯೇ ನಿನ್ನ ಸಭೆಯೂ ಭೂಮಿಯ ಅಂಚುಗಳಿಂದ ನಿನ್ನ ರಾಜ್ಯಕ್ಕೆ ಕೂಡಿಬರಲಿ."

ಬೆಟ್ಟದ ಹೊಲಗಳಲ್ಲಿ ಬಿತ್ತಿದ ಗೋಧಿ, ಕಾಳು ಕಾಳಾಗಿ ಒಕ್ಕಿ, ಬೀಸಿ, ಒಂದು ರೊಟ್ಟಿ. ಪೌಲ ಹೇಳಿದ್ದೇ ಮತ್ತೆ ಬಂತು ನೋಡಿ. ಆದರೆ ಇದೇ ಪುಸ್ತಕ, ದೀಕ್ಷಾಸ್ನಾನ ಆಗದವರಿಗೆ ಇದನ್ನು ಕೊಡಬೇಡಿ, "ಪವಿತ್ರವಾದದ್ದನ್ನು ನಾಯಿಗೆ ಹಾಕಬೇಡಿ" ಅಂತಲೂ ಕಟುವಾಗಿ ಹೇಳುತ್ತದೆ. ಬರೀ ನೆನಪಿನ ತಿಂಡಿಗೆ ಯಾರೂ ಇಷ್ಟು ಕಾವಲು ಹಾಕುವುದಿಲ್ಲ.

ಈಗ ನಿಮಗೆ ಕಷ್ಟ ಕೊಡುವವನ ಹತ್ತಿರ ಬರೋಣ. ಸಿರಿಯದ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಸುಮಾರು 110. ಹತ್ತು ಜನ ಸೈನಿಕರ ಕಾವಲಲ್ಲಿ ರೋಮಿಗೆ ಎಳೆದುಕೊಂಡು ಹೋಗುತ್ತಿದ್ದಾರೆ, ಮೃಗಗಳ ಬಾಯಿಗೆ ಹಾಕಲು. ಕಾವಲುಗಾರರನ್ನು "ಹತ್ತು ಚಿರತೆಗಳು" ಅಂತ ಕರೆಯುತ್ತಾನೆ. ದಾರಿಯಲ್ಲಿ ಏಳು ಪತ್ರ ಬರೆದ. ಸ್ಮುರ್ನದವರಿಗೆ ಬರೆದದ್ದರಲ್ಲಿ ಕೆಲವರ ಮೇಲೆ ದೂರು ಹೇಳುತ್ತಾನೆ: ಅವರು ನಮ್ಮ ಕೂಟದಿಂದ ದೂರ ಇರುತ್ತಾರೆ, ಯಾಕೆಂದರೆ ಈ ಸ್ತುತಿಯ ರೊಟ್ಟಿ ನಮ್ಮ ಪಾಪಗಳಿಗಾಗಿ ನೊಂದ ಯೇಸುವಿನ ಮಾಂಸ ಅಂತ ಒಪ್ಪುವುದಿಲ್ಲ.

ಮಾಂಸ ಅಂದಿದ್ದಾನೆ, ದೇಹ ಅಲ್ಲ. ಗ್ರೀಕಿನಲ್ಲಿ ಪೌಲ ಬಳಸಿದ್ದು "ಸೋಮ", ಅಂದರೆ ದೇಹ (ನಮ್ಮ ಸೋಮರಸಕ್ಕೂ ಇದಕ್ಕೂ ನಂಟಿಲ್ಲ, ವಾಟ್ಸಾಪಿನಲ್ಲಿ ಹಾಕಬೇಡಿ). ಇಗ್ನೇಷಿಯಸ್ ಬಳಸಿದ್ದು "ಸಾರ್ಕ್ಸ್", ಹಸಿ ಮಾಂಸದ ಪದ. ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಅದೇ. ಅದನ್ನು ಕೇಳಿ "ಇದು ಕಠಿಣವಾದ ಮಾತು" ಅಂತ ಎಷ್ಟೋ ಶಿಷ್ಯರು ಎದ್ದು ಹೋದರಲ್ಲ, ಆ ಅಧ್ಯಾಯ.

ಯಾಕೆ ಅಷ್ಟು ಒರಟು ಪದ? ಆ ಎದುರಾಳಿಗಳು ಯೇಸುವಿಗೆ ನಿಜವಾದ ಮೈ ಇರಲಿಲ್ಲ, ಇದ್ದ ಹಾಗೆ ಕಂಡಿತು ಅಷ್ಟೇ ಅನ್ನುತ್ತಿದ್ದರು. ಹಸಿವು, ಬೆವರು, ಮೊಳೆ ಎಲ್ಲ ತೋರಿಕೆ. ಮೈಯೇ ಇಲ್ಲದವನ ಊಟಕ್ಕೆ ಯಾಕೆ ಬರಬೇಕು? ಇಗ್ನೇಷಿಯಸ್ ಅದೇ ಉಸಿರಿನಲ್ಲಿ ಇನ್ನೊಂದು ಆರೋಪ ಹಾಕುತ್ತಾನೆ, ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಅವರಿಗೆ ವಿಧವೆಯ ಚಿಂತೆ ಇಲ್ಲ, ತಬ್ಬಲಿಯ ಚಿಂತೆ ಇಲ್ಲ, ಸೆರೆಯಲ್ಲಿರುವವನ, ಹಸಿದವನ, ಬಾಯಾರಿದವನ ಚಿಂತೆ ಇಲ್ಲ. ಅವನ ಲೆಕ್ಕದಲ್ಲಿ ಇದು ಬೇರೆ ಆರೋಪ ಅಲ್ಲ. ಕ್ರಿಸ್ತನ ಮೈಯನ್ನು ಲೆಕ್ಕಕ್ಕೆ ಇಡದವನು ಪಕ್ಕದ ಮನೆಯ ವಿಧವೆಯ ಮೈಯನ್ನೂ ಲೆಕ್ಕಕ್ಕೆ ಇಡುವುದಿಲ್ಲ.

ತನ್ನ ಸಾವಿಗೂ ಅದೇ ಮಾತು ಬಳಸಿದ: "ನಾನು ದೇವರ ಗೋಧಿ. ಮೃಗಗಳ ಹಲ್ಲಿನಲ್ಲಿ ಬೀಸಿಹೋಗಿ ಕ್ರಿಸ್ತನ ಶುದ್ಧ ರೊಟ್ಟಿ ಆಗಬೇಕು." ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಚಾರ್ಮಾಡಿ ಕೆಳಗೆ

ಮಾರಾಯ್ರೆ, ದಿದಖೆಯಲ್ಲಿ ಆ ಮಾತು ಇಲ್ಲ ಅಂದಿರಲ್ಲ, ಅದಕ್ಕೆ ನಮ್ಮ ಕಡೆಯಿಂದ ಒಂದು ಸೇರಿಸುತ್ತೇನೆ. ನಾವು ಸಿರೋ ಮಲಬಾರ್, ಅಂದರೆ ಸಿರಿಯನ್ ಪದ್ಧತಿಯ ಕ್ಯಾಥೊಲಿಕರು, ಬೆಳ್ತಂಗಡಿ ಕಡೆ. ಹಿರಿಯರು ಕೇರಳದಿಂದ ಬಂದು ರಬ್ಬರು ಹಾಕಿದವರು. ನಮ್ಮ ಕುರ್ಬಾನದ (ಬಲಿಪೂಜೆಗೆ ನಮ್ಮ ಹೆಸರು) ಮುಖ್ಯ ಪ್ರಾರ್ಥನೆ ಅದ್ದೈ ಮತ್ತು ಮಾರಿ ಅವರ ಹೆಸರಿನದು. ಸಿರಿಯಾಕ್ ಭಾಷೆಯದ್ದು, ಇವತ್ತಿಗೂ ಬಳಕೆಯಲ್ಲಿರುವ ಬಹಳ ಹಳೆಯ ಪ್ರಾರ್ಥನೆಗಳಲ್ಲಿ ಒಂದು. ಅದರ ಮೂಲ ರೂಪದಲ್ಲಿ "ಇದು ನನ್ನ ದೇಹ" ಅನ್ನುವ ಸಾಲು ಇಲ್ಲ! ನಾವು ಈಗ ಹೇಳುವಾಗ ಇದೆ, ಅದು ಆಮೇಲೆ ಸೇರಿಸಿದ್ದು. ಇರಾಕ್ ಕಡೆಯ ಅಸ್ಸೀರಿಯನ್ ಚರ್ಚಿನವರು ಹಳೆಯ ರೂಪದಲ್ಲೇ ಹೇಳುತ್ತಾ ಬಂದಿದ್ದಾರೆ. ಅದು ಸಿಂಧುವೋ ಅಲ್ಲವೋ ಅಂತ ರೋಮಿನಲ್ಲಿ ತುಂಬ ಚರ್ಚೆ ಆಗಿ, 2001ರಲ್ಲಿ ವ್ಯಾಟಿಕನ್ನೇ "ಸಿಂಧು" ಅಂತ ಒಪ್ಪಿತು. ಬೇರೆ ಬೇರೆ ಸಾಲುಗಳಲ್ಲಿ ಆ ಅರ್ಥ ಹರಡಿಕೊಂಡಿದೆ ಅಂತ ಅವರ ವಾದ.

ಹಾಗಾಗಿ ಆ ಮಾತು ಇಲ್ಲ ಅಂದ ಕೂಡಲೇ ಆ ನಂಬಿಕೆ ಇರಲಿಲ್ಲ ಅಂತ ಆಗುವುದಿಲ್ಲ, ಅಲ್ವಾ?

ಗದಗಿನ ಗಾಳಿ

ಇದು ನನಗೆ ಹೊಸದು. ಒಪ್ಪಿದೆ.

ನಿರ್ವಾಹಕ

"ನರಭಕ್ಷಕರು" ಅಂತ ಒಂದೇ ಪದ ಬರೆದು ಹೋದವರ ಕಾಮೆಂಟ್ ತೆಗೆದಿದ್ದೇನೆ. ಕೇಳುವುದಿದ್ದರೆ ಪ್ರಶ್ನೆಯ ರೂಪದಲ್ಲಿ ಕೇಳಿ.

ಹಳೇಪುಟ

ತೆಗೆದದ್ದು ಸರಿ, ಆದರೆ ಆ ಆರೋಪಕ್ಕೆ ಹೆಚ್ಚುಕಮ್ಮಿ 1,850 ವರ್ಷ ವಯಸ್ಸು. ಇತಿಹಾಸದಲ್ಲಿ ಅದಕ್ಕೆ ಜಾಗ ಇದೆ, ಬರೆದೇಬಿಡುತ್ತೇನೆ.

ಸುಮಾರು 112ರಲ್ಲಿ ಬಿಥೂನ್ಯದ (ಈಗಿನ ಟರ್ಕಿಯ ಭಾಗ) ಗವರ್ನರ್ ಪ್ಲಿನಿ ರೋಮನ್ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಈ ಕ್ರೈಸ್ತರನ್ನು ಹಿಡಿದು ವಿಚಾರಿಸಿದೆ, ಇಬ್ಬರು ದಾಸಿಯರಿಗೆ ಹಿಂಸೆ ಕೊಟ್ಟೂ ಕೇಳಿಸಿದೆ. ಬೆಳಗಾಗುವ ಮೊದಲು ಸೇರಿ ಕ್ರಿಸ್ತನಿಗೆ ಹಾಡು ಹೇಳುತ್ತಾರೆ, ಆಮೇಲೆ ಮತ್ತೆ ಸೇರಿ ಊಟ ಮಾಡುತ್ತಾರೆ. ಊಟ "ಸಾಮಾನ್ಯವಾದದ್ದು, ನಿರುಪದ್ರವಿ" ಅಂತ ಬರೆದ. ಅವನು ಹಾಗೆ ಒತ್ತಿ ಹೇಳಬೇಕಾಯಿತು ಅಂದರೆ ಊರಲ್ಲಿ ಆಗಲೇ ಬೇರೆ ಗುಸುಗುಸು ಇತ್ತು ಅಂತ ಅರ್ಥ.

177ರಲ್ಲಿ, ಈಗಿನ ಫ್ರಾನ್ಸಿನ ಲಿಯೋನ್ ಊರಿನಲ್ಲಿ ಅದು ಸಿಡಿಯಿತು. ಹಿಂಸೆಗೆ ಹೆದರಿ ಕೆಲವು ದಾಸರು, ನಮ್ಮ ಯಜಮಾನರು ಮಕ್ಕಳನ್ನು ತಿನ್ನುತ್ತಾರೆ ಅಂತ ಸುಳ್ಳು ಹೇಳಿಬಿಟ್ಟರು. ಬಿಬ್ಲಿಸ್ ಅನ್ನುವ ಹೆಂಗಸು ಮೊದಲು ನಂಬಿಕೆಯನ್ನೇ ಅಲ್ಲಗಳೆದಿದ್ದಳು. ಅವಳ ಬಾಯಿಂದಲೂ ಇದನ್ನೇ ಹೊರಡಿಸಲು ಮತ್ತೆ ಹಿಂಸೆ ಕೊಟ್ಟರು. ಆಗ ಅವಳು ನಿದ್ದೆಯಿಂದ ಎದ್ದವಳ ಹಾಗೆ ತಿರುಗಿ ಕೇಳಿದಳಂತೆ: ಪ್ರಾಣಿಯ ರಕ್ತವನ್ನೂ ಮುಟ್ಟದವರು ಮಕ್ಕಳನ್ನು ಹೇಗೆ ತಿನ್ನುತ್ತಾರೆ?

ಇದು ಆ ಕಾಲದ ಪತ್ರದಲ್ಲೇ ಇದೆ, ನಾಲ್ಕನೇ ಶತಮಾನದ ಯೂಸೇಬಿಯಸ್ ತನ್ನ ಚರ್ಚಿನ ಚರಿತ್ರೆಯಲ್ಲಿ ಉಳಿಸಿದ್ದಾನೆ. ಯೆಹೂದ್ಯರ ಕಟ್ಟಳೆ, ರಕ್ತ ತಿನ್ನಬಾರದು ಅನ್ನುವುದು, ಲಿಯೋನಿನ ಕ್ರೈಸ್ತರು ಇನ್ನೂ ಪಾಲಿಸುತ್ತಿದ್ದರು. ಸಂತೆಯ ಮಾಂಸದ ರಕ್ತ ಮುಟ್ಟದವರು ವಾರಕ್ಕೊಮ್ಮೆ "ಕ್ರಿಸ್ತನ ರಕ್ತ" ಅಂತ ಬಟ್ಟಲು ಎತ್ತುತ್ತಿದ್ದರು. ಅವರಿಗೆ ಅದರಲ್ಲಿ ಗೊಂದಲವೇ ಕಾಣಲಿಲ್ಲ. ನಮಗೆ ಕಾಣುತ್ತದೆ. ನನಗೆ ತುಂಬ ಕುತೂಹಲದ ಜಾಗ ಇದು.

ಹೊರಗಿನವರಿಗೆ ಬಾಗಿಲು ತೆಗೆದು ತೋರಿಸಿದವನು ಜಸ್ಟಿನ್ ಅನ್ನುವ ಕ್ರೈಸ್ತ ಚಿಂತಕ. ರೋಮಿನಲ್ಲಿ, ಸುಮಾರು 155ರಲ್ಲಿ ಚಕ್ರವರ್ತಿಗೇ ಒಂದು ಮನವಿ ಬರೆದ. ಭಾನುವಾರ ಸೇರುತ್ತೇವೆ, ಓದುತ್ತೇವೆ, ರೊಟ್ಟಿ ತರುತ್ತಾರೆ, ದ್ರಾಕ್ಷಾರಸಕ್ಕೆ ನೀರು ಬೆರೆಸಿ ತರುತ್ತಾರೆ, ಮುಂದೆ ನಿಂತವನು ತನ್ನ ಶಕ್ತಿ ಇದ್ದಷ್ಟು ಸ್ತುತಿಸುತ್ತಾನೆ, ಜನ ಆಮೆನ್ ಅನ್ನುತ್ತಾರೆ. "ಇದನ್ನು ನಾವು ಸಾಮಾನ್ಯ ರೊಟ್ಟಿಯಂತೆ, ಸಾಮಾನ್ಯ ಪಾನೀಯದಂತೆ ತೆಗೆದುಕೊಳ್ಳುವುದಿಲ್ಲ", ಅದು ಮನುಷ್ಯನಾಗಿ ಬಂದ ಯೇಸುವಿನ ಮಾಂಸ ಮತ್ತು ರಕ್ತ ಅಂತ ಕಲಿತಿದ್ದೇವೆ ಅನ್ನುತ್ತಾನೆ. ಮುಂದೆ? ಬರಲಾಗದವರ ಮನೆಗೆ ಸೇವಕರು ಪಾಲು ಒಯ್ಯುತ್ತಾರೆ. ಉಳ್ಳವರು ಕೊಟ್ಟ ಹಣ ತಬ್ಬಲಿಗಳಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರಊರಿಂದ ಬಂದವರಿಗೆ. ಇಗ್ನೇಷಿಯಸ್ ಕೊಟ್ಟ ಪಟ್ಟಿಯೇ ಹೆಚ್ಚುಕಮ್ಮಿ ಮತ್ತೆ ಬಂತು. ಮಾಂಸ ಅನ್ನುವ ಮಾತು ಎಲ್ಲಿ ಬರುತ್ತದೋ ಅಲ್ಲೇ ಆ ಪಟ್ಟಿಯೂ ಬರುತ್ತದೆ.

ಗದಗಿನ ಗಾಳಿ

ಜಸ್ಟಿನ್ ಮಾತು ಬಲವಾಗಿದೆ, ಒಪ್ಪುತ್ತೇನೆ. ಆದರೆ ತೆರ್ತುಲಿಯನ್ ಬಿಟ್ಟಿರಲ್ಲ ಸರ್? ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ, 200ರ ಸುಮಾರಿನವನು. "ಇದು ನನ್ನ ದೇಹ, ಅಂದರೆ ನನ್ನ ದೇಹದ ಆಕೃತಿ" ಅಂತಲೇ ಬರೆದಿದ್ದಾನೆ. ಲ್ಯಾಟಿನ್ನಿನಲ್ಲಿ "ಫಿಗುರಾ". ನಮ್ಮ ಪಾಸ್ಟರ್ ಇದನ್ನು ಎಷ್ಟೋ ಸಲ ಎತ್ತಿದ್ದಾರೆ.

ಹಳೇಪುಟ

ಎತ್ತುತ್ತಾರೆ, ಆದರೆ ಮುಂದಿನ ಸಾಲಿನ ತನಕ ಹೋಗುವುದಿಲ್ಲ. ಆ ಮಾತು ಇರುವುದು ಮಾರ್ಸಿಯೊನ್ ವಿರುದ್ಧದ ಪುಸ್ತಕದಲ್ಲಿ. ಮಾರ್ಸಿಯೊನ್ ಕೂಡ ಕ್ರಿಸ್ತನಿಗೆ ನಿಜವಾದ ಮೈ ಇರಲಿಲ್ಲ ಅನ್ನುವ ಪೈಕಿ. ತೆರ್ತುಲಿಯನ್ ವಕೀಲನ ಹಾಗೆ ವಾದಿಸುತ್ತಾನೆ: ರೊಟ್ಟಿ ದೇಹದ ಆಕೃತಿ ಅಂತಾದರೆ, ಮೊದಲು ದೇಹ ಇರಬೇಕು. ಬರೀ ಭ್ರಮೆಗೆ ಆಕೃತಿ ಇರುವುದಿಲ್ಲ. ಅಂದರೆ ಅವನು ರೊಟ್ಟಿಯ ಬೆಲೆ ಇಳಿಸಲು ಅಲ್ಲ, ಕ್ರಿಸ್ತನ ಮೈ ಗಟ್ಟಿ ಅಂತ ತೋರಿಸಲು ಆ ಪದ ಬಳಸಿದ.

ಅವನೇ ಇನ್ನೊಂದು ಕಡೆ, ಆತ್ಮ ದೇವರಿಂದ ಪುಷ್ಟಿಯಾಗಲಿ ಅಂತ ನಮ್ಮ ಮಾಂಸ ಕ್ರಿಸ್ತನ ದೇಹ ರಕ್ತಗಳನ್ನು ಉಣ್ಣುತ್ತದೆ ಅನ್ನುತ್ತಾನೆ. ಬಟ್ಟಲಿನಿಂದಾಗಲಿ ರೊಟ್ಟಿಯಿಂದಾಗಲಿ ಒಂಚೂರು ನೆಲಕ್ಕೆ ಬಿದ್ದರೆ ನಮಗೆ ಸಂಕಟ ಅಂತಲೂ ಬರೆದಿದ್ದಾನೆ. ಅಲೆಕ್ಸಾಂಡ್ರಿಯದ ಒರಿಗೆನ್ ಕೂಡ ಹಾಗೇ. ಎಲ್ಲದಕ್ಕೂ ಒಳಾರ್ಥ ಹುಡುಕುವ ಮನುಷ್ಯ. ಅವನೂ ಜನರಿಗೆ, ಕರ್ತನ ದೇಹದ ಒಂದು ಚೂರೂ ಬೀಳದ ಹಾಗೆ ಅಷ್ಟು ಜೋಪಾನ ಮಾಡುತ್ತೀರಲ್ಲ, ದೇವರ ವಾಕ್ಯ ಕಿವಿಯಿಂದ ಜಾರಿ ಬಿದ್ದರೆ ಅದು ಸಣ್ಣ ತಪ್ಪು ಅಂದುಕೊಂಡಿರಾ ಅಂತ ಕೇಳುತ್ತಾನೆ.

ನಮಗೆ "ಸಂಕೇತ" ಅಂದ ಕೂಡಲೇ ಹಿಂದೆ "ಬರೀ" ಅಂಟಿಕೊಳ್ಳುತ್ತದೆ. ಅವರಿಗೆ ಹಾಗಿರಲಿಲ್ಲ.

ಗದಗಿನ ಗಾಳಿ

ಇದು ನನಗೆ ಅರ್ಥ ಆಗುತ್ತದೆ ಸರ್, ಯಾಕೆಂದರೆ ಗದಗಿನಲ್ಲಿ ಬೆಳೆದಿದ್ದೇನೆ. ನಮ್ಮ ಓಣಿಯ ಲಿಂಗಾಯತ ಅಜ್ಜ ಒಬ್ಬರು ಇಷ್ಟಲಿಂಗವನ್ನು "ಅರಿವಿನ ಕುರುಹು" ಅನ್ನುತ್ತಿದ್ದರು. ಕುರುಹು ಅಂದರೆ ಗುರುತು ತಾನೇ? ಆದರೆ ಅಂಗೈಯಲ್ಲಿ ಇಟ್ಟುಕೊಂಡು ಕೂತಾಗ ಅವರನ್ನು ನೋಡಿದರೆ ಬರೀ ಗುರುತು ಅಂತ ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಎರಡೂ ಒಂದೇ ಅಂತ ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. "ಫಿಗುರಾ"ಕ್ಕೆ ಕನ್ನಡದಲ್ಲಿ ಆಕೃತಿಗಿಂತ ಕುರುಹು ಸರಿ ಹೋಗುತ್ತದೆ ಅನ್ನಿಸಿತು.

ಹಳೇಪುಟ

ಭೇಷ್! ನಾನು ಇಷ್ಟು ವರ್ಷ "ಆಕೃತಿ" ಅಂತಲೇ ಬರೆದುಕೊಂಡಿದ್ದೆ. ಇವತ್ತಿಂದ ಬದಲಾಯಿಸುತ್ತೇನೆ.

ಮಲೆನಾಡ ಮಳೆ

ಒಂದು ಸಂಶಯ. ದ್ರಾಕ್ಷಾರಸಕ್ಕೆ ನೀರು ಯಾಕೆ ಬೆರೆಸುತ್ತಿದ್ದರು? ಕಲಬೆರಕೆ ಅನ್ನಿಸುವುದಿಲ್ಲವೇ?

ಹಳೇಪುಟ

ಆ ಕಾಲದಲ್ಲಿ ಗ್ರೀಕರು, ರೋಮನರು ನೀರು ಬೆರೆಸದೆ ಕುಡಿಯುವವನನ್ನೇ ಒರಟ ಅನ್ನುತ್ತಿದ್ದರು. ಹಾಗಾಗಿ ಶುರುವಾದದ್ದು ರೂಢಿಯಿಂದ. ಆದರೆ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅದಕ್ಕೆ ಕೊಟ್ಟ ಅರ್ಥ ಈ ಇಡೀ ಚರ್ಚೆಗೇ ಬೇಕಾದದ್ದು. ಸುಮಾರು 253ರ ಪತ್ರ. ಕೆಲವು ಕಡೆ ಬಟ್ಟಲಿಗೆ ಬರೀ ನೀರು ಹಾಕುತ್ತಿದ್ದರು. ಒಂದು ಕಾರಣ ಏನು ಗೊತ್ತೇ? ಬೆಳಿಗ್ಗೆ ಬೆಳಿಗ್ಗೆ ಬಾಯಲ್ಲಿ ದ್ರಾಕ್ಷಾರಸದ ವಾಸನೆ ಬಂದರೆ ಕ್ರೈಸ್ತ ಅಂತ ಸಿಕ್ಕಿಬೀಳುತ್ತೇವೆ ಅನ್ನುವ ಭಯ. ಕಿರುಕುಳದ ಕಾಲ, ಭಯ ಸುಳ್ಳಲ್ಲ. ಸಿಪ್ರಿಯನ್ ಒಪ್ಪಲಿಲ್ಲ. ದ್ರಾಕ್ಷಾರಸ ಕ್ರಿಸ್ತನ ರಕ್ತ, ನೀರು ಅಂದರೆ ಜನ. ಬರೀ ದ್ರಾಕ್ಷಾರಸ ಇಟ್ಟರೆ ಕ್ರಿಸ್ತ ನಮ್ಮನ್ನು ಬಿಟ್ಟು ಒಬ್ಬನೇ ಇದ್ದ ಹಾಗೆ. ಬರೀ ನೀರು ಇಟ್ಟರೆ ಜನ ಕ್ರಿಸ್ತನನ್ನು ಬಿಟ್ಟು ಇದ್ದ ಹಾಗೆ. ಬೆರೆತ ಮೇಲೆ ಬೇರೆ ಮಾಡಲು ಆಗುವುದಿಲ್ಲ.

ರೊಟ್ಟಿಯಷ್ಟೇ ಅಲ್ಲ, ಬಟ್ಟಲಿನೊಳಗೂ ಜನ ಇದ್ದಾರೆ. ಇವತ್ತಿಗೂ ಬಲಿಪೂಜೆಯಲ್ಲಿ ಗುರುಗಳು ಒಂದು ತೊಟ್ಟು ನೀರು ಹಾಕುತ್ತಾರಲ್ಲ, ಮುಂದಿನ ಸಲ ಗಮನಿಸಿ.

ಚಾರ್ಮಾಡಿ ಕೆಳಗೆ

ಇಷ್ಟು ವರ್ಷ ನೋಡಿದ್ದೇನೆ, ಯಾಕೆ ಅಂತ ಕೇಳಿರಲೇ ಇಲ್ಲ ನೋಡಿ.

ಅಂದ ಹಾಗೆ ಮೆಗಿದ್ದೋ ಮೊಸಾಯಿಕ್ ನೋಡಿದ್ದೀರಾ ಯಾರಾದರೂ? 2005ರಲ್ಲಿ ಇಸ್ರೇಲಿನಲ್ಲಿ ಒಂದು ಜೈಲಿನ ಆವರಣ ಅಗೆಯುವಾಗ ಸಿಕ್ಕಿದ್ದು. ಸುಮಾರು 230ರ ನೆಲಹಾಸು, ಎರಡು ಮೀನಿನ ಚಿತ್ರ ಇದೆ. ಅಕೆಪ್ತೂಸ್ ಅನ್ನುವ ಹೆಂಗಸು "ದೇವರಾದ ಯೇಸು ಕ್ರಿಸ್ತನಿಗೆ ನೆನಪಾಗಿ ಈ ಮೇಜನ್ನು" ಕೊಟ್ಟಳು ಅಂತ ಗ್ರೀಕಿನಲ್ಲಿ ಬರೆದಿದೆ. ನಮ್ಮ ದೇವಸ್ಥಾನಗಳಲ್ಲಿ "ಸೇವಾರ್ಥ ಇಂಥವರು" ಅಂತ ಬಾಗಿಲಿಗೆ, ಗಂಟೆಗೆ ಹೆಸರು ಹಾಕಿಸುತ್ತಾರಲ್ಲ, ಸೇಮ್ ಅದೇ. ಪೂಜಾಪೀಠ ಅನ್ನದೆ ಮೇಜು ಅಂದದ್ದು ನನಗೆ ಇಷ್ಟ ಆಯಿತು.

ಕಾಫಿಸೀಮೆ

ಎಲ್ಲರಿಗೂ ಧನ್ಯವಾದ, ಎರಡು ಸಲ ಓದಿದೆ. ನಾದಿನಿಗೂ ಲಿಂಕ್ ಕಳಿಸಿದೆ. ಆದರೆ ಒಂದು ತಿಳಿಯಲಿಲ್ಲ. ಇವರಿಗೆಲ್ಲ ರೊಟ್ಟಿಯೂ ದೇಹ, ಜನರೂ ದೇಹ ಅಂತಿದ್ದರೆ, ಆಮೇಲೆ ಬರೀ ರೊಟ್ಟಿಯ ಬಗ್ಗೆ ಜಗಳ ಆದದ್ದು ಹೇಗೆ? ಅಜ್ಜಿಯ ಪ್ರಶ್ನೆಯನ್ನೂ ಮರೆಯಬೇಡಿ.

ಹಳೇಪುಟ

ಮೊದಲು ಅಜ್ಜಿ.

ನಾಲ್ಕನೇ ಶತಮಾನದ ಯೆರೂಸಲೇಮಿನಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಪಾಠ ಮಾಡುತ್ತಿದ್ದರು. ಆ ಪಾಠಗಳು ಬಿಷಪ್ ಸಿರಿಲ್ ಹೆಸರಿನಲ್ಲಿ ಉಳಿದಿವೆ (ಅವನ ನಂತರದ ಯೋಹಾನನದ್ದು ಅನ್ನುವವರೂ ಇದ್ದಾರೆ). ಹೇಗೆ ಬರಬೇಕು ಅಂತ ಬೆರಳು ಹಿಡಿದು ಕಲಿಸಿದ ಹಾಗಿದೆ: ಕೈ ಚಾಚಿಕೊಂಡು ಬರಬೇಡ, ಬೆರಳು ಅಗಲಿಸಬೇಡ. ಬಲಗೈ ಅರಸನನ್ನು ಬರಮಾಡಿಕೊಳ್ಳುವ ಕೈ, ಎಡಗೈಯನ್ನು ಅದಕ್ಕೆ ಸಿಂಹಾಸನ ಮಾಡು. ಅಂಗೈ ಬಟ್ಟಲ ಹಾಗೆ ಮಾಡಿ ಕ್ರಿಸ್ತನ ದೇಹ ತೆಗೆದುಕೊ, ಆಮೆನ್ ಅನ್ನು. ಒಂದು ಚೂರೂ ಕಳೆಯಬೇಡ. ಯಾರಾದರೂ ಚಿನ್ನದ ಪುಡಿ ಕೊಟ್ಟಿದ್ದರೆ ಎಷ್ಟು ಜೋಪಾನವಾಗಿ ಹಿಡಿಯುತ್ತಿದ್ದೆ? ಬಟ್ಟಲಿನಿಂದ ಕುಡಿದ ಮೇಲೆ ತುಟಿಯ ಮೇಲೆ ಇನ್ನೂ ತೇವ ಇರುವಾಗಲೇ ಬೆರಳಲ್ಲಿ ಮುಟ್ಟಿ ಕಣ್ಣಿಗೆ, ಹಣೆಗೆ ಹಚ್ಚಿಕೊ.

ಹಾಗಾಗಿ ಕೈಗೆ ಕೊಡುವುದು ಕೋವಿಡ್ ತಂದ ಹೊಸತಲ್ಲ. ನಾಲಿಗೆ ಮೇಲೆ ಇಡುವ ಪದ್ಧತಿಯೇ ನೂರಾರು ವರ್ಷ ಆದ ಮೇಲೆ ಬೇರೂರಿದ್ದು. ತೆರ್ತುಲಿಯನ್ ಕಾಲದಲ್ಲಂತೂ ಮನೆಗೆ ಒಯ್ದು ಇಟ್ಟುಕೊಂಡು, ಬೆಳಿಗ್ಗೆ ಬೇರೇನೂ ತಿನ್ನುವ ಮೊದಲು ಸ್ವಲ್ಪ 
ಸ್ವಲ್ಪ ತಿನ್ನುತ್ತಿದ್ದರು. ಗಂಡ ಬೇರೆ ಧರ್ಮದವನಾದರೆ "ಕದ್ದು ಏನು ತಿನ್ನುತ್ತೀಯಾ" ಅಂತ ಅನುಮಾನ ಪಡುತ್ತಾನೆ ಅಂತ ಹೆಂಡತಿಗೆ ಬರೆದ ಪುಸ್ತಕದಲ್ಲಿ ಎಚ್ಚರಿಸಿದ್ದಾನೆ.

ಈಗ ದೊಡ್ಡ ಪ್ರಶ್ನೆ. ಹಿಪ್ಪೋದ ಬಿಷಪ್ ಆಗಸ್ಟಿನ್ (ಈಗಿನ ಅಲ್ಜೀರಿಯದ ಅನ್ನಾಬಾ) ಹೊಸಬರಿಗೆ ಮಾಡಿದ ಪ್ರಸಂಗ ಒಂದಿದೆ, 272ನೇ ನಂಬರಿನದು. ಮೇಜಿನ ಮೇಲೆ ಕಾಣುವುದು ರೊಟ್ಟಿ ಮತ್ತು ಬಟ್ಟಲು. ಅದು ದೇಹ ಹೇಗಾಗುತ್ತದೆ ಅಂತ ಕೇಳುತ್ತೀರಾ? ಪೌಲನನ್ನು ಕೇಳಿ, "ನೀವೇ ಕ್ರಿಸ್ತನ ದೇಹ". ಹಾಗಾದರೆ ಮೇಜಿನ ಮೇಲೆ ಇಟ್ಟಿರುವುದು ನಿಮ್ಮದೇ ರಹಸ್ಯ. "ಕ್ರಿಸ್ತನ ದೇಹ" ಅನ್ನುವುದು ಕೇಳಿಸುತ್ತದೆ, "ಆಮೆನ್" ಅನ್ನುತ್ತೀರಿ. ನೀವು ಏನಾಗಿದ್ದೀರೋ ಅದಕ್ಕೇ ಆಮೆನ್ ಅನ್ನುತ್ತಿದ್ದೀರಿ. ಆ ಆಮೆನ್ ಸುಳ್ಳಾಗದ ಹಾಗೆ ಬದುಕಿ. ಆಮೇಲೆ ದಿದಖೆಯ ಕಾಳುಗಳು ಮತ್ತೆ ಬರುತ್ತವೆ: ದೀಕ್ಷೆಗೆ ಮುಂಚಿನ ದಿನಗಳಲ್ಲಿ ನಿಮ್ಮನ್ನು ಬೀಸಿದೆವು, ದೀಕ್ಷಾಸ್ನಾನದಲ್ಲಿ ನಾದಿದೆವು, ಪವಿತ್ರಾತ್ಮನ ಬೆಂಕಿಯಲ್ಲಿ ಬೇಯಿಸಿದೆವು.

ಇದು ಒಡೆದದ್ದು ಬಹಳ ಆಮೇಲೆ. ಹನ್ನೊಂದನೇ ಶತಮಾನದಲ್ಲಿ ತೂರ್ ಊರಿನ ಬೆರೆಂಗಾರ್ ರೊಟ್ಟಿ ಸಂಕೇತ ಅಂತ ವಾದಿಸಿದ. 1059ರಲ್ಲಿ ಅವನನ್ನು ರೋಮಿಗೆ ಕರೆಸಿ, ಕ್ರಿಸ್ತನ ನಿಜವಾದ ದೇಹವನ್ನು ಭಕ್ತರ ಹಲ್ಲುಗಳು ಅಗಿಯುತ್ತವೆ ಅಂತ ಪ್ರಮಾಣ ಮಾಡಿಸಿದರು. ಇಗ್ನೇಷಿಯಸ್ ಕೂಡ ಅಷ್ಟು ದೂರ ಹೋಗಿರಲಿಲ್ಲ! ಅಲ್ಲಿಂದ ಪ್ರಶ್ನೆ ಪೂರ್ತಿ ರೊಟ್ಟಿಗೆ ಅಂಟಿಕೊಂಡಿತು. ಆನ್ರಿ ದ ಲ್ಯೂಬಾಕ್ ಅನ್ನುವ ಫ್ರೆಂಚ್ ಪಾದ್ರಿ 1944ರಲ್ಲಿ ಒಂದು ಪುಸ್ತಕದಲ್ಲಿ ತೋರಿಸಿದ್ದು ಇದು: ಮೊದಲು "ರಹಸ್ಯ ದೇಹ" ಅಂದರೆ ಪೀಠದ ಮೇಲಿನ ರೊಟ್ಟಿ, ಅದು ನಿಜವಾಗಿ ಕಟ್ಟುತ್ತಿದ್ದ ದೇಹ ಅಂದರೆ ಸಭೆ. ಹನ್ನೆರಡನೇ ಶತಮಾನದ ಹೊತ್ತಿಗೆ ಹೆಸರು ಅದಲುಬದಲಾಯಿತು. ರೊಟ್ಟಿ "ನಿಜ ದೇಹ" ಆಯಿತು, ಜನ "ರಹಸ್ಯ ದೇಹ" ಆದರು. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಪ್ರಾಟೆಸ್ಟೆಂಟ್ ಮುಖಂಡ ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ "ಇದು ನನ್ನ ದೇಹ" ಅಂತ ಬರೆದು, ರೊಟ್ಟಿ ಸಂಕೇತ ಅನ್ನುವ ಇನ್ನೊಬ್ಬ ಪ್ರಾಟೆಸ್ಟೆಂಟ್ ಮುಖಂಡ ಜ್ವಿಂಗ್ಲಿ ಜೊತೆ ವಾದಕ್ಕೆ ಕೂತಾಗ, ಇಬ್ಬರೂ ರೊಟ್ಟಿಯನ್ನೇ ನೋಡುತ್ತಿದ್ದರು.

ನಿಮ್ಮ ಮನೆ ಊಟದ ಜಗಳ ಆ ಮೇಜಿನದ್ದು ಮೇಡಂ. ಕೊರಿಂಥದ ಅಂಗಳದ್ದಲ್ಲ.

ಗದಗಿನ ಗಾಳಿ

ಪಾಸ್ಟರ್‌ಗೆ ತೆರ್ತುಲಿಯನ್ ಮುಂದಿನ ಸಾಲು ತೋರಿಸಿದೆ. "ಇರಲಿ, ನೋಡೋಣ" ಅಂದರು. ಅವರ ಬಾಯಲ್ಲಿ ಅದು ಜಾಸ್ತಿಯೇ.

ಕಾಫಿಸೀಮೆ

ನಾದಿನಿ ಎಲ್ಲ ಓದಿ ಫೋನ್ ಮಾಡಿದ್ದರು. "ಹಾಗಾದರೆ ಇಬ್ಬರೂ ಸೋತೆವಾ?" ಅಂತ ನಕ್ಕರು. ಅವರ ಮನೆ ಊಟದ ದಿನ ಗಾರೆ ಕೆಲಸದವರಿಗೆ ಎರಡನೇ ಪಂಕ್ತಿಯಲ್ಲಿ ಹಾಕಿದ್ದರು, ಅಷ್ಟರಲ್ಲಿ ಪಾಯಸ ಮುಗಿದಿತ್ತು. ಅದು ನನಗೂ ನೆನಪಿತ್ತು, ಅವರಿಗೂ ನೆನಪಾಯಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಜ್ಜಿಗೆ ಸಿರಿಲ್ ಪಾಠ ಓದಿ ಹೇಳಿದೆ. ಸಿಂಹಾಸನ ಅಂದಾಗ ತಾವೇ ಎಡಗೈ ಮೇಲೆ ಬಲಗೈ ಇಟ್ಟು ನೋಡಿಕೊಂಡರು. ಚಿನ್ನದ ಪುಡಿ ಅಂದಾಗ ಕೈ ತಿರುಗಿಸಿ ಅಂಗೈ ನೋಡಿದರು. "ಹಾಗಾದರೆ ಕೈ ಒಣಗಿರಬೇಕಲ್ಲೇ, ಬೆವರಿದ್ದರೆ ಚೂರು ಅಂಟಿಕೊಳ್ಳುತ್ತೆ" ಅಂದರು. ಈ ಭಾನುವಾರ ಸೆರಗಿಗೆ ಕೈ ಒರೆಸಿಕೊಂಡು ಸಾಲಿನಲ್ಲಿ ನಿಂತಿದ್ದರು.